ರೋಗನಿದಾನದ ಧುರೀಣ ಡಾಕ್ಟರ್ ಥಾಮಸ್ ಅಡಿಸನ್

ನಮ್ಮ ಮಂಚೇನಹಳ್ಳಿಯ ಕಡೆ ಯಾರಾದರೂ ಸೊರಗಿ ಕಪ್ಪಾದರೆ ಅದನ್ನು ಬಿಸಿಲಿನ ಮೇಲೆ ಹೊರಿಸುವುದು ವಾಡಿಕೆ. ಹೊಲಗೆಲಸ, ಹಿಪ್ಪುನೇರಳೆ ಸೊಪ್ಪಿನ ಕೊಯ್ಲು, ನಿದ್ದೆಗೆಟ್ಟು ಮಾಡುವ ರೇಷ್ಮೆ ಹುಳುವಿನ ಆರೈಕೆ ಇವುಗಳ ನಡುವೆ ಆಯಾಸವೂ ಒಂದು ರೋಗಲಕ್ಷಣವೆಂದು ಯಾರಿಗೂ ತೋರುವುದಿಲ್ಲ. ಆದರೆ ಆ ಆಯಾಸಕ್ಕೂ ಆ ಕಪ್ಪಿಗೂ ಒಂದೇ ಮೂಲವಿರಬಹುದೆಂದೂ, ಅದು ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳಲ್ಲಿ ಅಡಗಿರಬಹುದೆಂದೂ ಜಗತ್ತಿಗೆ ತೋರಿಸಿಕೊಟ್ಟವನು ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಆದರೂ ಈ ಮಹನೀಯನ ಚರಿತ್ರೆಯನ್ನು ತಿಳಿಯಬೇಕೆಂಬ ಹಂಬಲ ನನಗೆ ಉಂಟಾಯಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಅಡಿಸನ್ ಹುಟ್ಟಿದ್ದು 1793ರ ಏಪ್ರಿಲ್ ತಿಂಗಳಲ್ಲಿ, ನ್ಯೂಕಾಸಲ್ ಪಟ್ಟಣದ ಬಳಿಯ ಲಾಂಗ್ ಬೆಂಟನ್ ಎಂಬ ಊರಿನಲ್ಲಿ. ತಂದೆ ದಿನಸಿ ವ್ಯಾಪಾರಿ. ಮಗನು ವಕೀಲನಾಗಲಿ ಎಂಬುದು ತಂದೆಯ ಆಸೆ. ಮಗನ ಒಲವು ವೈದ್ಯದ ಕಡೆಗೆ. ಬಾಲ್ಯದಲ್ಲೇ ಲ್ಯಾಟಿನ್ ಭಾಷೆಯನ್ನು ಚೆನ್ನಾಗಿ ಕಲಿತಿದ್ದ ಈತನು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದಿ 1815ರಲ್ಲಿ ಎಂ.ಡಿ. ಪದವಿಯನ್ನು ಪಡೆದನು. ಬಳಿಕ ಲಂಡನ್ನಿಗೆ ಬಂದು ಚರ್ಮರೋಗಗಳಲ್ಲಿ ಪಂಡಿತನೆನಿಸಿದ್ದ ಥಾಮಸ್ ಬೇಟ್‌ಮನ್ನನ ಬಳಿ ಪಳಗಿದನು. ಚರ್ಮದ ಬಣ್ಣವನ್ನು ಅಲಕ್ಷ್ಯ ಮಾಡದೆ ನೋಡುವ ಕಣ್ಣು ಈತನಿಗೆ ಅಲ್ಲಿಯೇ ಬಂದಿತೆಂದು ನಾನು ಭಾವಿಸುತ್ತೇನೆ.

ಅಡಿಸನ್ನನ ಕರ್ಮಭೂಮಿ ಲಂಡನ್ನಿನ ಗೈಸ್ ಆಸ್ಪತ್ರೆ. ಪದವೀಧರನಾಗಿದ್ದರೂ ಅಲ್ಲಿಗೆ ಮತ್ತೆ ವಿದ್ಯಾರ್ಥಿಯಾಗಿಯೇ ಸೇರಿದ ಈತನು 1824ರಲ್ಲಿ ಸಹಾಯಕ ವೈದ್ಯನಾಗಿ, 1837ರಲ್ಲಿ ಪೂರ್ಣ ವೈದ್ಯನಾಗಿ ನೇಮಕಗೊಂಡನು. ಮೂತ್ರಪಿಂಡದ ರೋಗಗಳಿಂದ ಖ್ಯಾತನಾದ ರಿಚರ್ಡ್ ಬ್ರೈಟ್ ಅಲ್ಲಿ ಈತನ ಸಹೋದ್ಯೋಗಿ. ಅಡಿಸನ್ನನ ಪಾಠಗಳಿಗೆ ವಿದ್ಯಾರ್ಥಿಗಳು ಕಿಕ್ಕಿರಿಯುತ್ತಿದ್ದರು. ನೋಡಿದವರಿಗೆ ಗರ್ವಿಷ್ಠನಂತೆ ಕಾಣುತ್ತಿದ್ದನಾದರೂ ಒಳಗೆ ಬಹಳ ಸಂಕೋಚದ ಮನುಷ್ಯ. ಸಭೆಯಲ್ಲಿ ಎದ್ದು ನಿಂತು ಮಾತನಾಡಲು ಅಳುಕುತ್ತಿದ್ದನು. ಆದರೆ ರೋಗಿಯ ಹಾಸಿಗೆಯ ಬಳಿ ಆ ಅಳುಕು ಇರುತ್ತಿರಲಿಲ್ಲ. ರೋಗದ ಮೂಲ ಸಿಕ್ಕುವ ತನಕ ಮತ್ತೆ ಮತ್ತೆ ಪರೀಕ್ಷಿಸುವನು. ರೋಗಿಯು ತೀರಿಕೊಂಡರೆ ಶವಪರೀಕ್ಷೆಯಲ್ಲಿ ತನ್ನ ಊಹೆಯನ್ನು ಒರೆಗೆ ಹಚ್ಚುವನು.

ಆ ಕಾಲದಲ್ಲಿ ಅಡ್ರಿನಲ್ ಗ್ರಂಥಿಗಳ ಕೆಲಸವೇನೆಂಬುದು ಯಾರಿಗೂ ತಿಳಿದಿರಲಿಲ್ಲ. ಒಂದೊಂದರ ತೂಕ 4-5 ಗ್ರಾಂ ಮಾತ್ರ. ಇವುಗಳ ಪ್ರಯೋಜನವನ್ನು ವಿವರಿಸಿದವರಿಗೆ ಬಹುಮಾನವೆಂದು 1716ರಲ್ಲಿ ಫ್ರಾನ್ಸಿನ ಬೋರ್ಡೋ ಅಕಾಡೆಮಿಯು ಸಾರಿದ್ದಿತು. ತೀರ್ಪುಗಾರನಾಗಿದ್ದ ಪ್ರಸಿದ್ಧ ಚಿಂತಕ ಮಾಂಟೆಸ್ಕ್ಯೂವಿಗೆ ಬಂದ ಪ್ರಬಂಧಗಳಲ್ಲಿ ಒಂದೂ ಬಹುಮಾನಕ್ಕೆ ಯೋಗ್ಯವಾಗಿ ತೋರಲಿಲ್ಲ.

ಅಡಿಸನ್ ಹುಡುಕಲು ಹೊರಟಿದ್ದು ಈ ಗ್ರಂಥಿಗಳನ್ನಲ್ಲ. ಕಾರಣ ತಿಳಿಯದೆ ಮನುಷ್ಯನನ್ನು ಮೆಲ್ಲಮೆಲ್ಲನೆ ಕೊಲ್ಲುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಗುಟ್ಟು ಈತನಿಗೆ ಬೇಕಾಗಿದ್ದಿತು. ಅಂಥ ರೋಗಿಗಳ ದೇಹಗಳನ್ನು ಪರೀಕ್ಷಿಸುವಾಗ ಕೆಲವರಲ್ಲಿ ಅಡ್ರಿನಲ್ ಗ್ರಂಥಿಗಳು ಕೆಟ್ಟಿರುವುದು ಕಣ್ಣಿಗೆ ಬಿದ್ದಿತು. 1849ರಲ್ಲಿ ಲಂಡನ್ನಿನ ವೈದ್ಯಸಭೆಯೊಂದರ ಮುಂದೆ ಇದನ್ನು ತಿಳಿಸಿದಾಗ ಹೆಚ್ಚಿನವರು ಲಕ್ಷ್ಯ ಕೊಡಲಿಲ್ಲ. ಈತನು ಎದೆಗುಂದದೆ ಮತ್ತೆ ಆರು ವರ್ಷ ದುಡಿದು, ಒಂದಾಗಿ ಹೆಣೆದುಕೊಂಡಿದ್ದ ಎರಡು ರೋಗಗಳನ್ನು ಬೇರೆ ಬೇರೆಯಾಗಿ ಬಿಡಿಸಿದನು. 1855ರಲ್ಲಿ 11 ರೋಗಿಗಳ ವೃತ್ತಾಂತವನ್ನೊಳಗೊಂಡ ಪುಸ್ತಕವನ್ನು ಪ್ರಕಟಿಸಿದನು. ನಿಶ್ಶಕ್ತಿ, ಹಸಿವಿಲ್ಲದಿರುವುದು, ಕ್ಷೀಣವಾದ ನಾಡಿ, ವಿಚಿತ್ರವಾಗಿ ಕಪ್ಪಾಗುವ ಚರ್ಮ ಇವು ಅದರಲ್ಲಿ ಹೇಳಿದ ಲಕ್ಷಣಗಳು. ಆ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ನಾಶ ಮಾಡಿದ್ದುದು ಕ್ಷಯ.

ಎಡಿನ್‌ಬರೋದ ಕೆಲವು ವೈದ್ಯರು ಇಂಥದೊಂದು ರೋಗವಿದೆಯೆಂಬುದನ್ನೇ ಸಂದೇಹಿಸಿದರು. ಆದರೆ ಪ್ಯಾರಿಸ್ಸಿನಲ್ಲಿ ತ್ರೂಸೋ ಎಂಬ ಹಿರಿಯ ವೈದ್ಯನು ಅದಕ್ಕೆ ಅಡಿಸನ್ನನ ಹೆಸರನ್ನೇ ಇಟ್ಟನು. ಈ ಗ್ರಂಥಿಗಳನ್ನು ತೆಗೆದುಹಾಕಿದರೆ ಪ್ರಾಣಿಗಳು ಬದುಕುವುದಿಲ್ಲವೆಂದು 1856ರಲ್ಲಿ ಬ್ರೌನ್-ಸೆಕಾರ್ ಪ್ರಯೋಗದಿಂದ ತೋರಿಸಿದನು. ಕೀರ್ತಿ ಬಂದರೂ ಅಡಿಸನ್ನನಿಗೆ ಅದನ್ನು ಅನುಭವಿಸುವ ಯೋಗವಿರಲಿಲ್ಲ. ಮನೋವ್ಯಾಧಿಯು ಉಲ್ಬಣಿಸಿ 1860ರಲ್ಲಿ ಕೆಲಸ ಬಿಟ್ಟನು. ಅದೇ ವರ್ಷ ಜೂನ್ 29ರಂದು ಬ್ರೈಟನ್ ಪಟ್ಟಣದಲ್ಲಿ ತಾನೇ ತನ್ನ ಜೀವವನ್ನು ಕಳೆದುಕೊಂಡನು. ಆಗ ಈತನಿಗೆ 67 ವರ್ಷ. ಪೂರ್ವಿಕರ ಊರಾದ ಲ್ಯಾನರ್‌ಕಾಸ್ಟಿನಲ್ಲಿ ಈತನ ಸಮಾಧಿಯಿದೆ. ಇಷ್ಟು ಜನರ ರೋಗದ ಮೂಲವನ್ನು ಶೋಧಿಸಿದವನ ದುಗುಡಕ್ಕೆ ಆ ಕಾಲದಲ್ಲಿ ಮದ್ದಿರಲಿಲ್ಲವೆಂಬುದು ಮನಸ್ಸನ್ನು ಕಲಕುವ ಸಂಗತಿ.

ಈತನು ಹಾಕಿದ ದಾರಿಯಲ್ಲಿ ಬೇರೆಯವರು ನಡೆದರು. ಅದೇ ಗೈಸ್ ಆಸ್ಪತ್ರೆಯ ವಿಲಿಯಂ ಗಲ್ 1873ರಲ್ಲಿ ಥೈರಾಯ್ಡ್ ಗ್ರಂಥಿ ಸೊರಗಿದಾಗ ಬರುವ ರೋಗದ ಲಕ್ಷಣಗಳನ್ನು ವರ್ಣಿಸಿದನು. 1914ರಲ್ಲಿ ಥೈರಾಯ್ಡಿನ ಸತ್ವವನ್ನು ಬೇರ್ಪಡಿಸಿದ ಅಮೆರಿಕದ ಕೆಂಡಾಲನು ಮುಂದೆ ಅಡ್ರಿನಲ್ಲಿನ ಸತ್ವವಾದ ಕಾರ್ಟಿಸೋನನ್ನೂ ಬೇರ್ಪಡಿಸಿ, 1950ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡನು. ಒಬ್ಬರಲ್ಲೇ ಈ ಎರಡು ಗ್ರಂಥಿಗಳೂ ಒಟ್ಟಿಗೆ ಕೆಡುವುದುಂಟೆಂದು 1926ರಲ್ಲಿ ಜರ್ಮನಿಯ ಸ್ಮಿತ್ ತೋರಿಸಿದ್ದನು.

ಈ ಕೊನೆಯ ಮಾತು ನಮ್ಮ ಮನೆಯವರಿಗೆ ಅನುಭವದಿಂದ ತಿಳಿಯಿತು. ಮಂಚೇನಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ ಎರಡು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಒಬ್ಬರು ರಕ್ತ ಕಡಿಮೆಯೆಂದರು, ಇನ್ನೊಬ್ಬರು ಮನಸ್ಸಿನ ಕೊರಗೆಂದರು. ಕಡೆಗೆ ಥೈರಾಯ್ಡ್ ದೋಷ ಪತ್ತೆಯಾಗಿ ಮಾತ್ರೆ ಕೊಟ್ಟರೆ, ನಿಶ್ಶಕ್ತಿ ಇಳಿಯುವ ಬದಲು ಏರಿತು, ವಾಂತಿಯೂ ಹತ್ತಿತು. ಅವರನ್ನು ಉಳಿಸಿದವರು ಒಬ್ಬ ತರುಣ ವೈದ್ಯೆ. ಆಕೆ ಬಾಯಿ ತೆರೆಸಿ ವಸಡಿನ ಕಪ್ಪನ್ನೂ ಅಂಗೈ ಗೆರೆಗಳ ಕಪ್ಪನ್ನೂ ನೋಡಿದರು. ಮಲಗಿದ್ದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ರಕ್ತದೊತ್ತಡವನ್ನು ಅಳೆದರು. ಉಪ್ಪು ತಿನ್ನಬೇಕೆನಿಸುತ್ತದೆಯೇ ಎಂದು ಕೇಳಿದರು. ಬೆಳಗಿನ ರಕ್ತದಲ್ಲಿ ಕಾರ್ಟಿಸಾಲ್ ತೀರ ಕಡಿಮೆಯಿದ್ದಿತು. ಎರಡು ಗ್ರಂಥಿಗಳೂ ಕೆಟ್ಟಾಗ ಅಡ್ರಿನಲ್ಲಿಗೆ ಮೊದಲು ಮದ್ದು ಕೊಡಬೇಕು. ಥೈರಾಯ್ಡಿಗೆ ಮಾತ್ರ ಕೊಟ್ಟರೆ ದೇಹದಲ್ಲಿ ಉಳಿದ ಅಲ್ಪಸ್ವಲ್ಪ ಕಾರ್ಟಿಸಾಲೂ ಬೇಗ ವ್ಯಯವಾಗಿ ಪ್ರಾಣಾಪಾಯ ಒದಗಬಹುದು ಎಂದು ಆಕೆ ನಮಗೆ ವಿವರಿಸಿದರು. ಅಡಿಸನ್ನನ ಹೆಸರನ್ನು ನಾನು ಮೊದಲು ಕೇಳಿದ್ದು ಆಗಲೇ.

ಅಡಿಸನ್ ತನ್ನ ಆ ರೋಗಿಗಳಲ್ಲಿ ಯಾರನ್ನೂ ಗುಣಪಡಿಸಲಾರದೆ ಹೋದನು. ಮದ್ದು ಬರಲು ಇನ್ನೂ ಸುಮಾರು ಒಂದು ಶತಮಾನ ಹಿಡಿಯಿತು. ಆದರೆ ರೋಗ ಯಾವುದೆಂದು ತಿಳಿಯದಿದ್ದರೆ ಮದ್ದನ್ನು ಹುಡುಕುವುದಾದರೂ ಎಲ್ಲಿ? ಮೈಬಣ್ಣ ಮೊದಲೇ ಕಪ್ಪಾಗಿರುವ ನಮ್ಮ ಜನರಲ್ಲಿ ಈ ರೋಗದ ಗುರುತು ಸುಲಭವಾಗಿ ಕಾಣುವುದಿಲ್ಲ. ವಸಡು, ಅಂಗೈ ಗೆರೆ, ಹಳೆಯ ಗಾಯದ ಕಲೆ ಇವುಗಳಲ್ಲಿ ಹುಡುಕಬೇಕು. ಸಾಮಾನ್ಯವೆಂದು ಎಲ್ಲರೂ ಕೈಬಿಟ್ಟದ್ದನ್ನು ಇನ್ನೊಮ್ಮೆ ನೋಡುವ ತಾಳ್ಮೆಯೇ ಅಡಿಸನ್ ಬಿಟ್ಟುಹೋದ ಆಸ್ತಿ. ವೈದ್ಯರಾಗಲಿರುವವರಿಗೆ ಮಾತ್ರವಲ್ಲ, ಮನೆಯಲ್ಲಿ ತಾಯಿಯೋ ಅಕ್ಕನೋ ಆಯಾಸವೆಂದು ಹೇಳಿದಾಗ ಕೇಳಿಸಿಕೊಳ್ಳಬೇಕಾದ ನಮ್ಮೆಲ್ಲರಿಗೂ ಅದು ಸಲ್ಲತಕ್ಕದ್ದು.