ಗೋಡೆಗಳ ಚಿತ್ರಕಾರ ಡಿಯೆಗೊ ರಿವೇರಾ

ಮೆಕ್ಸಿಕೊ ನಗರಕ್ಕೆ ಪ್ರವಾಸ ಹೋದವರು ಚಿತ್ರಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಶಿಕ್ಷಣ ಸಚಿವಾಲಯಕ್ಕೆಂದು ನಿರ್ಮಿಸಿದ ಹಳೆಯ ಭವನದ ಅಂಗಳಕ್ಕೆ ಕಾಲಿಟ್ಟರೆ ಸಾಕು, ಮೊಗಸಾಲೆಯ ಗೋಡೆಗಳ ತುಂಬ ಗಣಿ ಕಾರ್ಮಿಕರು, ನೇಕಾರರು, ರೈತರು, ಹಬ್ಬದ ಜನಸಂದಣಿ ಎದುರಾಗುತ್ತದೆ. 1923ರಿಂದ 1928ರವರೆಗೆ ಇಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದಾತ ಡಿಯೆಗೊ ರಿವೇರಾ.

1886ರಲ್ಲಿ ಗ್ವಾನಾಹ್ವಾಟೊ ಎಂಬ ಗಣಿ ಊರಿನಲ್ಲಿ ಜನಿಸಿದ ರಿವೇರಾ 1907ರಲ್ಲಿ ಯುರೋಪಿಗೆ ತೆರಳಿದ. ಪ್ಯಾರಿಸ್ಸಿನಲ್ಲಿ ಘನಾಕೃತಿ ಶೈಲಿಯ ಚಿತ್ರಗಳಿಂದ ಹೆಸರನ್ನೂ ಗಳಿಸಿದ. ಆದರೆ ಆತನ ದಾರಿ ತಿರುಗಿದ್ದು 1920ರ ಇಟಲಿ ಪ್ರವಾಸದಲ್ಲಿ. ಅಕ್ಷರ ಬಾರದ ಜನರಿಗೂ ಕಥೆ ಹೇಳುತ್ತಿದ್ದ ಅಲ್ಲಿನ ಇಗರ್ಜಿಗಳ ಭಿತ್ತಿಚಿತ್ರಗಳು ಆತನನ್ನು ಹಿಡಿದು ನಿಲ್ಲಿಸಿದವು. ಮರುವರ್ಷ ಸ್ವದೇಶಕ್ಕೆ ಮರಳಿದಾಗ, ಕ್ರಾಂತಿಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಮೆಕ್ಸಿಕೊದ ಶಿಕ್ಷಣ ಸಚಿವ ಹೊಸೆ ವಾಸ್ಕೊನ್ಸೆಲೊಸ್ ಸರ್ಕಾರಿ ಗೋಡೆಗಳನ್ನು ಕಲಾವಿದರಿಗೆ ಒಪ್ಪಿಸುತ್ತಿದ್ದರು.

ಈ ಕೆಲಸ ಸುಲಭದ್ದಲ್ಲ. ಹಸಿ ಸುಣ್ಣದ ಗಾರೆ ಆರುವುದರೊಳಗೆ ಆ ದಿನದ ಭಾಗ ಮುಗಿಯಬೇಕು. ಒಣಗಿದ ಮೇಲೆ ತಿದ್ದಬೇಕೆಂದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಚಿತ್ರ ಗೋಡೆಯಲ್ಲಿ ಒಂದಾಗಿಬಿಡುತ್ತದೆ. ಆದ್ದರಿಂದಲೇ ಗೋಡೆಯ ಒಡೆಯ ಚಿತ್ರಕ್ಕೂ ಒಡೆಯನಾಗುತ್ತಾನೆ. ಈ ಕಟುಸತ್ಯ ರಿವೇರಾನಿಗೆ ಅರಿವಾದದ್ದು ಪರದೇಶದಲ್ಲಿ. ಪತ್ನಿ ಫ್ರಿಡಾ ಕಾಹ್ಲೊ ಜೊತೆ ಅಮೆರಿಕಕ್ಕೆ ಹೋದ ಆತ, ಡೆಟ್ರಾಯಿಟ್ ಕಲಾ ಸಂಸ್ಥೆಯಲ್ಲಿ ಮೋಟಾರು ಕಾರ್ಖಾನೆಯ ದುಡಿಮೆಯನ್ನು 27 ಫಲಕಗಳಲ್ಲಿ ಚಿತ್ರಿಸಿದ. ಗದ್ದಲವೆದ್ದರೂ ಅವು ಉಳಿದವು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್‌ನಲ್ಲಿ ಮಾತ್ರ ಹಾಗಾಗಲಿಲ್ಲ. ಚಿತ್ರದಲ್ಲಿ ಲೆನಿನ್ ಮುಖ ಕಂಡ ಮಾಲೀಕರು ಅದನ್ನು ಅಳಿಸಲು ಕೋರಿದರು. ರಿವೇರಾ ಒಪ್ಪಲಿಲ್ಲ. 1933ರ ಮೇ ತಿಂಗಳಲ್ಲಿ ಪೂರ್ತಿ ಸಂಭಾವನೆ ಕೊಟ್ಟು ಆತನನ್ನು ಹೊರಗೆ ಕಳುಹಿಸಲಾಯಿತು. 1934ರ ಫೆಬ್ರುವರಿಯಲ್ಲಿ ಚಿತ್ರವನ್ನು ಗಾರೆಸಮೇತ ಒಡೆದು ಹಾಕಲಾಯಿತು. ಸಹಾಯಕಿ ಲೂಸಿಯೆನ್ ಬ್ಲಾಕ್ ಗುಟ್ಟಾಗಿ ತೆಗೆದಿಟ್ಟ ಛಾಯಾಚಿತ್ರಗಳು ಉಳಿದಿದ್ದವು. ಅದೇ ವರ್ಷ ಮೆಕ್ಸಿಕೊದ ಲಲಿತಕಲಾ ಭವನದಲ್ಲಿ ಆತ ಆ ಚಿತ್ರವನ್ನು ಚಿಕ್ಕದಾಗಿ ಮತ್ತೆ ಬರೆದ. ಲೆನಿನ್ ಅಲ್ಲಿಯೂ ಇದ್ದಾನೆ.

ವಿಚಿತ್ರವೆಂದರೆ, ಸಿರಿವಂತರ ಮುಂದೆ ಮಣಿಯದ ಈ ಮನುಷ್ಯ ಮುಪ್ಪಿನಲ್ಲಿ ತಾನೇ ಕುಂಚ ಹಿಡಿದು ಒಂದು ಸಾಲನ್ನು ಅಳಿಸಿದ. ಮೆಕ್ಸಿಕೊ ನಗರದ ಡೆಲ್ ಪ್ರಾಡೊ ಹೋಟೆಲಿಗೆ 1947ರಲ್ಲಿ ಬರೆದ, ಸುಮಾರು 15 ಮೀಟರ್ ಉದ್ದದ ಚಿತ್ರದಲ್ಲಿ ಒಬ್ಬನ ಕೈಯ ಕಾಗದದ ಮೇಲೆ ದೇವರಿಲ್ಲ ಎಂಬರ್ಥದ ಮಾತಿತ್ತು. ಜನ ಕೆರಳಿದರು, ಚಿತ್ರಕ್ಕೆ ಹಾನಿ ಮಾಡಿದರು. ಹಲವು ವರ್ಷ ಅದು ಮರೆಯಲ್ಲಿಯೇ ಇತ್ತು. 1956ರಲ್ಲಿ, ಕ್ಯಾನ್ಸರಿನಿಂದ ಬಳಲುತ್ತಿದ್ದ ರಿವೇರಾ ಆ ಮಾತನ್ನು ತೆಗೆದ. ಇದನ್ನು ಶರಣಾಗತಿ ಎಂದವರಿದ್ದಾರೆ. ಆದರೆ ಮುಚ್ಚಿದ ಗೋಡೆ ಯಾರಿಗೂ ಕಥೆ ಹೇಳದೆಂಬುದನ್ನು ಆತನಷ್ಟು ಬಲ್ಲವರು ಯಾರಿದ್ದರು? ಮರುವರ್ಷ ನವೆಂಬರ್ 24ರಂದು ಆತ ನಿಧನನಾದ.

1985ರ ಭೂಕಂಪದಲ್ಲಿ ಹೋಟೆಲು ಜಖಂಗೊಂಡಿತು, ಚಿತ್ರ ಉಳಿಯಿತು. ಅಲಮೇಡಾ ಉದ್ಯಾನದ ಪಕ್ಕದಲ್ಲಿ ಅದಕ್ಕೆಂದೇ ಒಂದು ಸಂಗ್ರಹಾಲಯ ಕಟ್ಟಿದರು. ಚಿತ್ರದ ನಡುವೆ ಬಾಲಕ ಡಿಯೆಗೊ, ಜೇಬಿನಲ್ಲಿ ಕಪ್ಪೆ ಮತ್ತು ಹಾವು ತುಂಬಿಕೊಂಡು, ಸಿಂಗರಿಸಿಕೊಂಡ ಅಸ್ಥಿಪಂಜರವೊಂದರ ಕೈಹಿಡಿದು ನಿಂತಿದ್ದಾನೆ. ಅವನ ಬೆನ್ನ ಹಿಂದೆ ಫ್ರಿಡಾ.