ಕೀಟವಿಜ್ಞಾನಿ ಕುಂಞಿಕಣ್ಣನ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವವರಿಗೆ ತೂತುಬಿದ್ದ ಬೀಜ ಹೊಸದಲ್ಲ. ಅದರಲ್ಲಿ ಬೆಳೆಯುವ ಪುಟ್ಟ ದುಂಬಿ ಶೇಂಗಾವನ್ನೂ ಬಿಡದು. ಕಣಜದ ಹೆಸರು, ಅಲಸಂದೆಗಳನ್ನು ಟೊಳ್ಳುಮಾಡುವ ಕಾಳುದುಂಬಿಯೂ ಇದೇ ವಂಶದ್ದು. ಈ ವಂಶದ ಮರಿಹುಳುಗಳ ಜೀವನರಹಸ್ಯವನ್ನು ಬೆನ್ನುಹತ್ತಿದವರು ಡಾ. ಕೆ. ಕುಂಞಿಕಣ್ಣನ್.

1884ರಲ್ಲಿ ಜನಿಸಿದ ಅವರು ಮಲಬಾರಿನವರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ನರ ಸಹಾಯಕರಾಗಿ ದುಡಿದು, ಅಲ್ಲಿ ಕೀಟವಿಜ್ಞಾನಿಯ ಪದವಿಗೇರಿದ ಮೊದಲ ಭಾರತೀಯರಾದರು.

ತಾಯಿದುಂಬಿಯು ಕಾಳಿನ ಮೇಲೆ ಮೊಟ್ಟೆಯನ್ನು ಅಂಟಿಸಿ ಹೋಗುತ್ತದೆ. ಮರಿಯು ಹೊರಗೆ ಅಲೆಯದೆ, ಮೊಟ್ಟೆಯ ತಳವನ್ನೇ ಕೊರೆದು ಕಾಳಿನೊಳಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣಿಸದಷ್ಟು ಕಿರಿದಾದ ಆ ಹುಳು ಅಷ್ಟು ಗಟ್ಟಿಯಾದ ಸಿಪ್ಪೆಯನ್ನು ಕೊರೆಯುವುದೆಂತು? ಅದರ ತಲೆಯ ಹಿಂದೆ, ಬೆನ್ನಮೇಲೆ, ಹಲ್ಲುಗಳುಳ್ಳ ಫಲಕವೊಂದಿದೆ. ಅದನ್ನು ಮೊಟ್ಟೆಯ ಚಿಪ್ಪಿಗೆ ಒತ್ತಿ ಹಿಡಿದಾಗ ಕೊರೆಯುವ ಬಾಯಿಗೆ ಬಲ ಬರುತ್ತದೆ. ಒಳಸೇರಿ ಮೊದಲ ಪೊರೆ ಕಳಚಿದೊಡನೆ ಫಲಕವೂ ಹೋಗುತ್ತದೆ, ಪುಟ್ಟ ಕಾಲುಗಳೂ ಹೋಗುತ್ತವೆ. ಕೆಲವೇ ದಿನ ಬಾಳುವ ಈ ಫಲಕವೊಂದನ್ನೇ ಕುರಿತು ಅವರು 1923ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅಲ್ಪವೆಂದು ಇತರರು ಕಡೆಗಣಿಸುವುದನ್ನು ಹೀಗೆ ತಾಳ್ಮೆಯಿಂದ ನೋಡುವವರು ವಿರಳ.

ಅವರ ಚಿಂತೆ ರೈತನ ಕಣಜದ್ದೂ ಆಗಿತ್ತು. ಕಾಳನ್ನು ಕಾಯಲು ಪಾದರಸ ನೆರವಾದೀತೇ ಎಂದು ಪರೀಕ್ಷಿಸಿದರು. ಪಾದರಸದ ಆವಿ ಮನುಷ್ಯರಿಗೂ ವಿಷವಾದುದರಿಂದ ಇಂದು ಆ ಉಪಾಯ ಸಲ್ಲದು.

ಪಾಶ್ಚಾತ್ಯ ನಾಗರಿಕತೆಯನ್ನು ಕುರಿತೂ ಗ್ರಂಥ ಬರೆದ ಈ ವಿಜ್ಞಾನಿ 1931ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು.