ಸತ್ಯವೂ ಒಂದು ಶುಶ್ರೂಷೆ

ಮನೆಯ ಹಿರಿಯರಿಗೆ ಗುಳಿಗೆ ಕೊಡುವಾಗ ಅದು ಯಾವುದಕ್ಕೆಂದು ಹೇಳುತ್ತೀರಾ? ನಮ್ಮ ಗೊಬ್ಬೂರದ ಕಡೆ, ಕಲಬುರಗಿಯ ಆಸ್ಪತ್ರೆಯಿಂದ ಮರಳಿದ ಅಜ್ಜಿಗೆ ಗುಳಿಗೆ ಪುಡಿಮಾಡಿ, ಹಾಲಿನಲ್ಲಿ ಬೆರೆಸಿ, ಶಕ್ತಿಗೆಂದು ಹೇಳಿ ಕುಡಿಸುವುದುಂಟು. ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ. ಆದರೆ ಪ್ರೀತಿಗೆ ಸುಳ್ಳಿನ ನೆರವು ಬೇಕೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ಫ್ಲಾರೆನ್ಸ್ ನೈಟಿಂಗೇಲಳ ಬಾಳನ್ನು ನೋಡೋಣ.

1820ರ ಮೇ 12ರಂದು ಇಂಗ್ಲೆಂಡಿನ ಸಿರಿವಂತ ಕುಟುಂಬದಲ್ಲಿ ಹುಟ್ಟಿದ ಆಕೆ ಹದಿನಾರನೆಯ ವಯಸ್ಸಿನಲ್ಲೇ ದೇವರ ಕರೆಯನ್ನು ಅರಿತಳು. ಮನೆಯವರ ವಿರೋಧವಿದ್ದರೂ ದಾದಿಯಾದಳು. 1854ರಲ್ಲಿ ಕ್ರೈಮಿಯ ಯುದ್ಧದ ಗಾಯಾಳುಗಳ ಸೇವೆಗೆ 38 ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಹೊರಟಳು. ಅವರಲ್ಲಿ ನಮ್ಮ ಧರ್ಮಭಗಿನಿಯರೂ ಇದ್ದರು. ಆಕೆ ಆಂಗ್ಲಿಕನ್ ಸಭೆಯವಳು. ಆದರೂ ಕಥೋಲಿಕ ಮದರ್ ಮೇರಿ ಕ್ಲೇರ್ ಮೂರ್ ಅಲ್ಲಿ ಆಕೆಯ ಆಪ್ತ ಗೆಳತಿಯಾದರು.

ಯುದ್ಧ ಮುಗಿದ ಮೇಲೆ ಆಕೆ ಸಾವಿನ ಲೆಕ್ಕ ತೆಗೆದಳು. ಗಾಯಗಳಿಗಿಂತ ಹೊಲಸು ಮತ್ತು ಕೆಟ್ಟ ಗಾಳಿಯ ನಡುವೆ ಹಬ್ಬಿದ ರೋಗಗಳಿಗೇ ಹೆಚ್ಚು ಸೈನಿಕರು ಬಲಿಯಾಗಿದ್ದರು. ತಾನು ದುಡಿದ ಆಸ್ಪತ್ರೆಯೂ ಇದಕ್ಕೆ ಹೊರತಲ್ಲ. ಆಕೆ ಅದನ್ನು ಮುಚ್ಚಿಡಲಿಲ್ಲ. 1858ರ ವರದಿಯಲ್ಲಿ ಅಂಕಿಗಳ ಸಹಿತ ಬರೆದಳು.

ರೋಗಿಯ ಹಾಸಿಗೆಯ ಬಳಿಯೂ ಆಕೆಯದು ಅದೇ ನಿಷ್ಠೆ. 1859ರ ತನ್ನ ಶುಶ್ರೂಷಾ ಪುಸ್ತಕದಲ್ಲಿ, ಏನೂ ಆಗಿಲ್ಲವೆಂದು ಹುಸಿ ಧೈರ್ಯ ತುಂಬುವವರನ್ನೂ ರೋಗಿಯೆದುರು ಪಿಸುಗುಟ್ಟುವವರನ್ನೂ ಕಟುವಾಗಿ ತಿದ್ದಿದಳು. ದೇಹದ ದಣಿವಿಗಿಂತ ಮುಂದೇನೆಂದು ತಿಳಿಯದ ಕಳವಳವೇ ರೋಗಿಯನ್ನು ಹೆಚ್ಚು ಬಳಲಿಸುತ್ತದೆ ಎಂಬುದು ಆಕೆ ಕಂಡ ಸತ್ಯ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. 1910ರ ಆಗಸ್ಟ್ 13ರಂದು ಆಕೆ ತೀರಿಕೊಂಡಳು.

ಓದುಗರೇ, ಔಷಧದ ವಿಷಯಕ್ಕೂ ಈ ಮಾತು ಸಲ್ಲುತ್ತದೆ. ಗುಳಿಗೆ ಬಿ.ಪಿ.ಗೆಂದು ತಿಳಿಯದ ಅಜ್ಜಿ, ಮೈ ಹಗುರವಾದೊಡನೆ ಅದನ್ನು ಬಿಟ್ಟುಬಿಡಬಹುದು. ಕೆಲವು ಗುಳಿಗೆಗಳನ್ನು ಪುಡಿಮಾಡಿದರೆ ಅಪಾಯವೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಒಮ್ಮೆ ಮೋಸ ತಿಳಿದರೆ ನಿಮ್ಮ ಕೈಯ ಹಾಲನ್ನೂ ಆಕೆ ನಂಬಲಾರಳು. ಸತ್ಯವನ್ನು ಒರಟಾಗಿ ಎಸೆಯಬೇಕಿಲ್ಲ. ಹೊತ್ತು ನೋಡಿ, ಕೈ ಹಿಡಿದು ಹೇಳಬಹುದು.

ಶಿಲುಬೆಯ ಬಳಿ ಯೇಸುಸ್ವಾಮಿಗೆ ಕಹಿ ಬೆರೆಸಿದ ದ್ರಾಕ್ಷಾರಸ ಕೊಟ್ಟರು. ಅವರು ರುಚಿ ನೋಡಿ, ಬೇಡವೆಂದರು. ತನಗೆ ಕೊಡುವುದು ಏನೆಂದು ಅರಿಯುವ, ಬೇಡವೆನ್ನುವ ಗೌರವ ನೋವಿನಲ್ಲಿರುವ ಪ್ರತಿ ಮನುಷ್ಯನಿಗೂ ಉಂಟು.

ಇಂದು ರಾತ್ರಿ ಅಜ್ಜಿಯ ಮಂಚದ ಬಳಿ ಕುಳಿತು, ಗುಳಿಗೆ ಯಾವುದಕ್ಕೆಂದು ತಿಳಿಸಿ. ಒಲ್ಲೆನೆಂದರೆ ಕಾರಣ ಕೇಳಿ, ಅದನ್ನು ವೈದ್ಯರಿಗೆ ಮುಟ್ಟಿಸಿ. ಆಮೇಲೆ ಇಬ್ಬರೂ ಕೂಡಿ ಪ್ರಾರ್ಥಿಸಿ.